ಅವರು ಅಲ್ಲೇ ಯಾಕೆ ನಿಲ್ಲಿಸಿದರು?

ಹಟ್ಟಿ ಚಿನ್ನದ ಗಣಿಯಲ್ಲಿ ಈಗಿನವರು ತೋಡುವಾಗ ಹಿಂದಿನವರು ತೋಡಿದ ಸುರಂಗಗಳು ಸಿಕ್ಕಿವೆ. ಬಂಡೆ ಕುಸಿಯದಂತೆ ಆಸರೆಗೆ ಕೊಟ್ಟಿದ್ದ ಮರದ ತುಂಡುಗಳೂ ಅಲ್ಲಿ ಸಿಕ್ಕಿವೆ. ಆ ಮರವನ್ನು ಕಾರ್ಬನ್ ಪರೀಕ್ಷೆಗೆ ಕಳಿಸಿದಾಗ ಬಂದ ವಯಸ್ಸು ಸುಮಾರು 2,000 ವರ್ಷ. ಆ ಕಾಲದ ಜನ ನೆಲದಿಂದ ಸುಮಾರು 600 ಅಡಿ ಕೆಳಗೆ ಇಳಿದಿದ್ದರು. ಡೈನಮೈಟ್ ಇರಲಿಲ್ಲ. ಪಂಪ್ ಇರಲಿಲ್ಲ. ಒಳಗೆ ಗಾಳಿ ಊದುವ ಫ್ಯಾನ್ ಇರಲಿಲ್ಲ. ಇದ್ದದ್ದು ಕಬ್ಬಿಣದ ಉಳಿ, ಬೆಂಕಿ, ನೀರು ಮತ್ತು ಮನುಷ್ಯರ ತೋಳು.

ಇದನ್ನು ಹೇಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: ಹಾಗಾದರೆ ಅಲ್ಲಿ ಇನ್ನೂ ಎಷ್ಟು ಚಿನ್ನ ಇದೆ? ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು ಪ್ರಶ್ನೆ. ಅಷ್ಟು ಕಷ್ಟಪಟ್ಟು 600 ಅಡಿ ಇಳಿದವರು ಅಲ್ಲೇ ಯಾಕೆ ನಿಲ್ಲಿಸಿದರು?

ನಾನು ಲಿಂಗಸುಗೂರು ತಾಲ್ಲೂಕಿನವಳು. ಓದಿದ್ದು ಭೂವಿಜ್ಞಾನ. ಹುಡುಗಿಯಾಗಿದ್ದಾಗ ಕೆಲವು ವರ್ಷ ಚಿನ್ನ ಹುಡುಕುವ ಕ್ಯಾಂಪ್‌ಗಳಲ್ಲಿ ಕೆಲಸ ಮಾಡಿದೆ. ಈಗ ಮುಂಬೈನಲ್ಲಿ, ಪವಾಯಿ ಕಡೆಯ ಒಂದು ಆಫೀಸಿನಲ್ಲಿ ಕೂತು ಬೇರೆಯವರು ಕೊರೆದ ಬಂಡೆಯ ಲೆಕ್ಕ ನೋಡುತ್ತೇನೆ. ಎಷ್ಟು ಆಳಕ್ಕೆ ಕೊರೆದರು, ಯಾವ ಮೀಟರ್‌ನಲ್ಲಿ ಎಷ್ಟು ಚಿನ್ನ ಬಂತು, ಅದನ್ನು ಎಷ್ಟು ನಂಬಬಹುದು. ಮುಂಬೈನ ನೆಲದಲ್ಲಿ ನನಗೆ ಕೆಲಸ ಇಲ್ಲ. ಇದು ಡೆಕ್ಕನ್ ಟ್ರ್ಯಾಪ್‌ನ ಕಪ್ಪು ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. ಚಿನ್ನ ಇರುವ ನಮ್ಮ ಹಟ್ಟಿ, ಕೋಲಾರ, ಗದಗದ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಆದರೂ ಮೆಟ್ರೊ ಕೆಲಸ ನಡೆಯುವ ಜಾಗದಲ್ಲಿ ಕೋರ್ ಬಾಕ್ಸ್‌ಗಳನ್ನು, ಅಂದರೆ ನೆಲ ಕೊರೆದು ತೆಗೆದ ಕೋಲಿನಂಥ ಕಲ್ಲುಗಳ (ಕೋರ್) ಪೆಟ್ಟಿಗೆಗಳನ್ನು, ಸಾಲಾಗಿ ಇಟ್ಟಿದ್ದರೆ ನಿಂತು ನೋಡದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ಅಲ್ಲಿ ಕೆಲಸ ಮಾಡುವ ಗಂಡಸರು ಹೆಂಗಸರಲ್ಲಿ ದೇವದುರ್ಗ, ಮಸ್ಕಿ ಕಡೆಯ ಮಾತು ಕೇಳಿಸಿದರಂತೂ ಇನ್ನೂ ಸ್ವಲ್ಪ ಹೊತ್ತು.

ಈ ಬರಹಕ್ಕೆ ಕಾರಣ ಮಾತುಂಗದ ನಮ್ಮ ಶೆಟ್ಟರು. ಅವರ ಹೋಟೆಲಿನ ಗಲ್ಲಾ ಹತ್ತಿರ ಬಿಲ್ ಕೊಡುತ್ತಿದ್ದಾಗ ಕೇಳಿದರು. "ಅಲ್ಲ ಮಾರಾಯ್ರೆ, ಒಂದು ಚಿನ್ನದ ಕಂಪನಿ ಶೇರಿನ ಬಗ್ಗೆ ಹೇಳ್ತಾ ಇದ್ದಾರೆ. ಅವರ ಜಾಗದಲ್ಲಿ ರಾಜರ ಕಾಲದ ಹಳೇ ಗಣಿ ಉಂಟಂತೆ. ಅಂದ್ರೆ ಚಿನ್ನ ಗ್ಯಾರಂಟಿ ಅಲ್ವಾ?"

ಶೆಟ್ಟರು ಸುಮ್ನೆ ಕೇಳುವವರಲ್ಲ. ದುಡ್ಡು ಹಾಕುವ ಮೊದಲು ಹತ್ತು ಜನರನ್ನು ವಿಚಾರಿಸುವವರು. ಅವರಿಗೆ ಅಲ್ಲೇ ನಿಂತು ಅರ್ಧ ಉತ್ತರ ಕೊಟ್ಟೆ. ಪೂರ್ತಿ ಉತ್ತರ ಇಲ್ಲಿದೆ.

ಹಳೆಯ ಗಣಿ ಇದೆ ಅಂದರೆ ಅಲ್ಲಿ ಚಿನ್ನ ಇತ್ತು ಅಂತ ಅರ್ಥ. ಅದರಲ್ಲಿ ಅನುಮಾನವಿಲ್ಲ. ಯಾರೂ ಬರೀ ಕಲ್ಲಿಗಾಗಿ ಬೆಂಕಿ ಹಚ್ಚಿ ಬಂಡೆ ಒಡೆಯುವುದಿಲ್ಲ. ದಕ್ಷಿಣ ಭಾರತದಲ್ಲಿ ಇಂಗ್ಲಿಷರ ಕಾಲದಿಂದ ಇವತ್ತಿನವರೆಗೆ ಚಿನ್ನ ಸಿಕ್ಕ ಮುಖ್ಯ ಜಾಗಗಳಲ್ಲೆಲ್ಲ ಹಿಂದಿನವರ ಗುಂಡಿಗಳು ಮೊದಲೇ ಇದ್ದವು. ಕೋಲಾರದಲ್ಲಿ ಇದ್ದವು, ಹಟ್ಟಿಯಲ್ಲಿ ಇದ್ದವು, ಆಂಧ್ರದ ರಾಮಗಿರಿ, ಜೊನ್ನಗಿರಿಯಲ್ಲಿ ಇದ್ದವು. ಫೀಲ್ಡ್‌ನಲ್ಲಿ ನಾವು ಅದಕ್ಕೆ ಓಲ್ಡ್ ವರ್ಕಿಂಗ್ ಅನ್ನುತ್ತೇವೆ. ನಕ್ಷೆಯ ಮೇಲೆ ಅಂಥ ಗುರುತು ಕಂಡರೆ ಯಾವ ಭೂವಿಜ್ಞಾನಿಗೂ ಮೈ ಜುಮ್ಮೆನ್ನುತ್ತದೆ. ಆದರೆ ಆ ಗುರುತು ಅರ್ಧ ಕಥೆ ಮಾತ್ರ. ಉಳಿದ ಅರ್ಧ ಗೊತ್ತಾಗಬೇಕಾದರೆ ಅವರು ನಿಲ್ಲಿಸಿದ ಕಾರಣ ಗೊತ್ತಾಗಬೇಕು.

ಸುಮಾರು ಒಂದೇ ಕಾಲದಲ್ಲಿ ನಡೆದ ಎರಡು ಘಟನೆ ನೋಡಿ.

ನೀಲಗಿರಿಗೆ ಅಂಟಿಕೊಂಡ ವಯನಾಡಿನ ಭಾಗದಲ್ಲಿ, ಗೂಡಲೂರಿನ ಹತ್ತಿರದ ದೇವಾಲ, ಪಂದಲೂರಿನಲ್ಲಿ ಹಳೆಯ ಗಣಿಗಳು ತುಂಬಾ ಇದ್ದವು. ಕಾಫಿ ಗಿಡಕ್ಕೆ ರೋಗ ಬಂದು ತೋಟದವರು ಸೋತಿದ್ದ ಕಾಲ ಅದು. ಆಸ್ಟ್ರೇಲಿಯಾದಲ್ಲಿ ಗಣಿ ಇಲಾಖೆ ನೋಡಿಕೊಂಡಿದ್ದ ರಾಬರ್ಟ್ ಬ್ರೌ ಸ್ಮಿತ್ ಎಂಬವರನ್ನು ಸರ್ಕಾರ ಕರೆಸಿತು. ಅವರು 1880ರಲ್ಲಿ ವರದಿ ಕೊಟ್ಟರು. ಅದರಲ್ಲಿ ಹಳೆಯ ಗಣಿಗಳ ದೊಡ್ಡ ಪಟ್ಟಿಯೇ ಇತ್ತು. ಲಂಡನ್‌ನಲ್ಲಿ ಹತ್ತಾರು ಕಂಪನಿಗಳು ಹುಟ್ಟಿಕೊಂಡವು. ಜನ ಮುಗಿಬಿದ್ದು ಶೇರು ಕೊಂಡರು. ಬಂದ ದುಡ್ಡಿನಲ್ಲಿ ದೊಡ್ಡ ಪಾಲು ಜಮೀನು ಕೊಳ್ಳುವುದಕ್ಕೇ ಹೋಯಿತು. ಕಲ್ಲು ಪುಡಿ ಮಾಡುವ ಭಾರಿ ಯಂತ್ರಗಳನ್ನು ಹಡಗಿನಲ್ಲಿ ತಂದು ಘಟ್ಟ ಹತ್ತಿಸಿದರು. ಆಮೇಲೆ ಕಲ್ಲು ಹಾಕಿ ನೋಡಿದರೆ ಖರ್ಚಿಗೆ ಸಾಕಾಗುವಷ್ಟು ಚಿನ್ನ ಬರಲಿಲ್ಲ. ಕೆಲವೇ ವರ್ಷಗಳಲ್ಲಿ ಒಂದೊಂದಾಗಿ ಬಾಗಿಲು ಹಾಕಿದವು.

ಇನ್ನೊಂದು ಕೋಲಾರ. 1802ರಲ್ಲೇ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬ ಸೈನ್ಯದ ಅಧಿಕಾರಿ ಅಲ್ಲಿನ ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ನೋಡಿ ಬರೆದಿಟ್ಟಿದ್ದರು. 1870ರ ದಶಕದಲ್ಲಿ ಮೈಕೆಲ್ ಲವೆಲ್ ಮೈಸೂರು ಸರ್ಕಾರದಿಂದ ಅನುಮತಿ ಪಡೆದು ತೋಡಿದರು. ಅವರ ಕೈಯಲ್ಲಿದ್ದ ಹಣ ಅಂಥ ಕೆಲಸಕ್ಕೆ ಸಾಲಲಿಲ್ಲ. 1880ರಲ್ಲಿ ಲಂಡನ್‌ನ ಜಾನ್ ಟೇಲರ್ ಕಂಪನಿ ಬಂತು. ಮೊದಲ ಕೆಲವು ವರ್ಷ ಅವರಿಗೂ ಏನೂ ದಕ್ಕಲಿಲ್ಲ. ಅವರು ನೋಡಿಕೊಳ್ಳುತ್ತಿದ್ದ ಮೈಸೂರು ಮೈನ್ ಕಂಪನಿಯ ಹಣ ಹತ್ತಿರ ಹತ್ತಿರ ಮುಗಿದೇ ಹೋಗಿತ್ತು. ನಿಲ್ಲಿಸೋಣ ಅನ್ನುವವರೂ ಇದ್ದರು. ಉಳಿದ ಹಣದಲ್ಲಿ ಹಿಂದಿನವರ ಗಣಿಗಿಂತಲೂ ಕೆಳಗೆ ಹೋಗಿ ನೋಡೋಣ ಅಂತ ತೀರ್ಮಾನವಾಯಿತು. ಅಲ್ಲಿ ಸಿಕ್ಕಿದ್ದೇ ಚಾಂಪಿಯನ್ ರೀಫ್ ಅನ್ನುವ ಚಿನ್ನದ ಎಳೆ. ಮುಂದೆ 2001ರವರೆಗೆ ಕೆಜಿಎಫ್‌ನಿಂದ ತೆಗೆದ ಚಿನ್ನ ಸುಮಾರು 800 ಟನ್.

ಎರಡೂ ಕಡೆ ಹಳೆಯ ಗಣಿ ಇತ್ತು. ಶೆಟ್ಟರು ಹೇಳುವ ಗ್ಯಾರಂಟಿ ಎರಡೂ ಕಡೆ ಇತ್ತು. ಆದರೆ ಕೋಲಾರದಲ್ಲಿ ಹಿಂದಿನವರು ನಿಲ್ಲಿಸಿದ ಜಾಗದ ಕೆಳಗೂ ಚಿನ್ನದ ಎಳೆ ಮುಂದುವರಿದಿತ್ತು. ವಯನಾಡಿನಲ್ಲಿ ಕಂಪನಿಯ ಖರ್ಚು ಹೊರುವಷ್ಟು ಚಿನ್ನ ಉಳಿದಿರಲಿಲ್ಲ. ಬೆವರು ಮಾತ್ರ ಖರ್ಚಾಗುತ್ತಿದ್ದ ಕಾಲದಲ್ಲಿ ಕೈಯಿಂದ ಆರಿಸಿ ತೆಗೆದವರಿಗೆ ಲಾಭವಾದದ್ದು, ಲಂಡನ್‌ನಿಂದ ಯಂತ್ರ ತಂದವರಿಗೆ ನಷ್ಟವಾಯಿತು.

ಹಾಗಾದರೆ ಹಿಂದಿನವರು ಯಾವ ಯಾವ ಕಾರಣಕ್ಕೆ ನಿಲ್ಲಿಸುತ್ತಿದ್ದರು?

ಮೊದಲನೆಯದು ನೀರು. ಬಾವಿ ತೋಡಿದವರಿಗೆಲ್ಲ ಇದು ಗೊತ್ತು. ಒಂದು ಆಳಕ್ಕೆ ಹೋದ ಮೇಲೆ ಒರತೆ ಶುರುವಾಗುತ್ತದೆ. ಬಾವಿಯಲ್ಲಿ ಅದು ಹಬ್ಬ, ಗಣಿಯಲ್ಲಿ ಆಪತ್ತು. ಮಡಕೆ, ಚರ್ಮದ ಚೀಲದಲ್ಲಿ ಎತ್ತಿ ಎತ್ತಿ ಎಷ್ಟು ಹಾಕುವುದು? ಬೇಸಿಗೆಯಲ್ಲಿ ಇಳಿದು ಮಳೆಗಾಲದಲ್ಲಿ ಬಿಟ್ಟು ಬಂದಿರಬೇಕು. ಹೀಗೆ ನಿಂತ ಗಣಿ ಅಂದರೆ ನನಗೆ ಖುಷಿ. ಚಿನ್ನ ಮುಗಿದು ನಿಂತದ್ದಲ್ಲ ಅದು. ನೀರು ಗೆದ್ದು ನಿಂತದ್ದು.

ಎರಡನೆಯದು ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಚಿನ್ನ ನಮ್ಮ ಬಂಡೆಗಳಲ್ಲಿ ಸಾಮಾನ್ಯವಾಗಿ ಬೆಣಚುಕಲ್ಲಿನ ಎಳೆಗಳಲ್ಲಿ, ಗಂಧಕ ಸೇರಿದ ಖನಿಜಗಳ ಜೊತೆ ಇರುತ್ತದೆ. ಪೈರೈಟ್, ಆರ್ಸೆನೋಪೈರೈಟ್ ಅಂತ ಅವುಗಳ ಹೆಸರು. ನೆಲದ ಹತ್ತಿರ ಮಳೆ, ಗಾಳಿ ತಗುಲಿ ಈ ಖನಿಜಗಳು ತುಕ್ಕು ಹಿಡಿದು ಕೊಳೆಯುತ್ತವೆ. ಒಳಗಿದ್ದ ಚಿನ್ನ ಬಿಡಿಯಾಗುತ್ತದೆ. ಕಲ್ಲು ಕೆಂಪಗೆ, ಮೆತ್ತಗೆ ಆಗಿರುತ್ತದೆ. ಕುಟ್ಟಿ, ಪುಡಿ ಮಾಡಿ, ತಟ್ಟೆಯಲ್ಲಿ ತೊಳೆದರೆ ಹಳದಿ ಗೆರೆ ಕಣ್ಣಿಗೆ ಕಾಣುತ್ತದೆ. ಆದರೆ ನೀರಿನ ಮಟ್ಟದ ಕೆಳಗೆ ಗಾಳಿ ತಾಗುವುದಿಲ್ಲ. ಖನಿಜ ಗಟ್ಟಿಯಾಗಿ ಹಾಗೇ ಇರುತ್ತದೆ. ಚಿನ್ನವೂ ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣವಾಗಿ ಸಿಕ್ಕಿಹಾಕಿಕೊಂಡಿರುತ್ತದೆ. ಅದನ್ನು ಎಷ್ಟು ಕುಟ್ಟಿ ತೊಳೆದರೂ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ.

ಆ ಗಣಿಗಾರನ ಜಾಗದಲ್ಲಿ ನಿಂತು ಯೋಚಿಸಿ. ನಿನ್ನೆಯವರೆಗೆ ಬರುತ್ತಿದ್ದ ಚಿನ್ನ ಇವತ್ತು ಬರುತ್ತಿಲ್ಲ. ಎಳೆ ಹಾಗೇ ಇದೆ, ಕಲ್ಲು ಹಾಗೇ ಹೊಳೆಯುತ್ತಿದೆ, ತಟ್ಟೆ ಮಾತ್ರ ಖಾಲಿ. ದೇವರು ಮುನಿಸಿಕೊಂಡ ಅಂತಲೇ ಅಂದುಕೊಂಡಿರಬೇಕು. ಚಿನ್ನ ಅವನ ಕಾಲ ಕೆಳಗೇ ಇತ್ತು. ಅದನ್ನು ಬಿಡಿಸುವ ವಿದ್ಯೆ ಬಂದಿರಲಿಲ್ಲ. 1887ರಲ್ಲಿ ಗ್ಲಾಸ್ಗೋದಲ್ಲಿ ಜಾನ್ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸುವ ವಿಧಾನಕ್ಕೆ ಪೇಟೆಂಟ್ ತೆಗೆದುಕೊಂಡರು. ಅಲ್ಲಿಂದ ಮುಂದೆ ಜಗತ್ತಿನಾದ್ಯಂತ ಎಷ್ಟೋ ಹಳೆಯ ಗಣಿಗಳನ್ನು ಮತ್ತೆ ತೆರೆದು ನೋಡುವ ಹಾಗಾಯಿತು.

ಮೂರನೆಯದು ಸೌದೆ ಮತ್ತು ಉಸಿರು. ಗಟ್ಟಿ ಬಂಡೆ ಒಡೆಯಲು ಅವರು ಸೌದೆ ಒಟ್ಟಿ ಬೆಂಕಿ ಹಾಕುತ್ತಿದ್ದರು. ಬಂಡೆ ಚೆನ್ನಾಗಿ ಕಾದ ಮೇಲೆ ತಣ್ಣೀರು ಎರಚಿದರೆ ಬಿರುಕು ಬಿಡುತ್ತದೆ. ಆ ಬಿರುಕಿಗೆ ಉಳಿ ಇಟ್ಟು ಕಿತ್ತು ತೆಗೆಯುವುದು. ಇವತ್ತಿಗೂ ಹಳೆಯ ಗಣಿಗಳಲ್ಲಿ ಬೂದಿ, ಇದ್ದಿಲು, ನುಣ್ಣಗೆ ಬಟ್ಟಲಿನಂತೆ ಸವೆದ ಗೋಡೆ ಸಿಗುತ್ತವೆ. ಹತ್ತು ಅಡಿಯಲ್ಲಿ ಇದು ಸುಲಭ. ನೂರಾರು ಅಡಿ ಕೆಳಗೆ ಹಚ್ಚಿದ ಬೆಂಕಿಯ ಹೊಗೆ ಎಲ್ಲಿಗೆ ಹೋಗಬೇಕು? ಎಷ್ಟು ಜನ ಅಲ್ಲೇ ಉಸಿರುಗಟ್ಟಿ ಸತ್ತರೋ ಲೆಕ್ಕ ಇಟ್ಟವರಿಲ್ಲ. ಸೌದೆಗೆ ಸುತ್ತಲಿನ ಕಾಡು ಎಷ್ಟು ಹೋಯಿತೋ ಅದಕ್ಕೂ ಲೆಕ್ಕ ಇಲ್ಲ.

ಇನ್ನು ಯುದ್ಧ, ಬರ, ರಾಜ ಬದಲಾಗಿದ್ದು, ಕೆಲಸದವರು ಗುಳೆ ಹೋಗಿದ್ದು. ಇವೂ ಕಾರಣಗಳೇ. ಬಂಡೆ ನೋಡಿ ಇವನ್ನು ಹೇಳಲು ಬರುವುದಿಲ್ಲ.

ಕೊನೆಯದು ಎಲ್ಲಕ್ಕಿಂತ ಸರಳ. ಎಳೆ ಸಣ್ಣದಾಗುತ್ತಾ ಹೋಗಿ ಮುಗಿದಿರುತ್ತದೆ. ಇದ್ದದ್ದನ್ನೆಲ್ಲ ತೆಗೆದಿರುತ್ತಾರೆ. ಶೇರು ಮಾರುವವರ ಬಾಯಲ್ಲಿ ಈ ಕಾರಣ ಬರುವುದಿಲ್ಲ.

ನಾನು ಫೀಲ್ಡ್‌ನಲ್ಲಿದ್ದಾಗ ಒಂದು ಬೇಸಿಗೆಯಲ್ಲಿ ಇಂಥ ಹಳೆಯ ಗಣಿಯ ಪಕ್ಕದಲ್ಲಿ ಡ್ರಿಲ್ಲಿಂಗ್ ನಡೆಯುತ್ತಿತ್ತು. ಮೇಲಿನಿಂದ ನೋಡಿದರೆ ಅದು ಜಾಲಿ ಬೆಳೆದ ಉದ್ದನೆಯ ತಗ್ಗು, ಪಕ್ಕದಲ್ಲಿ ಬಿಳಿ ಕಲ್ಲಿನ ದಿಬ್ಬ. ಕುರಿ ಕಾಯುವ ಅಜ್ಜ ಒಬ್ಬರು ಮೊದಲ ದಿನವೇ ಎಚ್ಚರಿಸಿದ್ದರು. "ಅಂಚಿಗೆ ಹೋಗಬ್ಯಾಡ ತಂಗಿ, ನಮ್ಮ ಕುರಿ ಬಿದ್ದು ಹೋಗ್ಯಾವ. ಕಲ್ಲು ಒಗದ್ರ ಸಪ್ಪಳ ಬರಾಂಗಿಲ್ಲ." ತಗ್ಗಿನಿಂದ ದೂರ ನಿಂತು ಓರೆಯಾಗಿ ಕೊರೆಯುವುದು ನಮ್ಮ ಯೋಜನೆ. ಹಿಂದಿನವರು ಬಿಟ್ಟ ಜಾಗದ ಕೆಳಗೆ ಎಳೆಯನ್ನು ಹಿಡಿಯಬೇಕು. ಡ್ರಿಲ್ಲರ್ ಕೆಜಿಎಫ್‌ನಿಂದ ಬಂದಿದ್ದ ಹಿರಿಯರು. ಯಂತ್ರದ ಸದ್ದು ಕೇಳಿಯೇ ಕೆಳಗೆ ಯಾವ ಕಲ್ಲು ಇದೆ ಅಂತ ಹೇಳುತ್ತಿದ್ದರು. ಒಂದು ಮಧ್ಯಾಹ್ನ ರಾಡ್ ಇದ್ದಕ್ಕಿದ್ದಂತೆ ಸರ್ರನೆ ಇಳಿಯಿತು. ಕೊರೆಯುವಾಗ ಒಳಗೆ ಬಿಟ್ಟು ಮೇಲೆ ವಾಪಸ್ ಬರುತ್ತಿದ್ದ ನೀರು ನಿಂತಿತು. ಅವರು ಯಂತ್ರ ಆಫ್ ಮಾಡಿದರು. ಸ್ವಲ್ಪ ಹೊತ್ತು ಆ ರಂಧ್ರವನ್ನೇ ನೋಡುತ್ತಾ ನಿಂತರು.

"ಮೇಡಂ, ಕೆಳಗೆ ಯಾರೋ ಮೊದ್ಲೇ ಬಂದು ಹೋಗವ್ರೆ."

ನಾವು ಅಂದುಕೊಂಡಿದ್ದಕ್ಕಿಂತ ತುಂಬಾ ಆಳದಲ್ಲಿ ಅವರು ತೋಡಿದ್ದ ಟೊಳ್ಳು ಸಿಕ್ಕಿತ್ತು. ಆ ಟೊಳ್ಳಿನ ಅಗಲ ಅಳೆದು ಬರೆದುಕೊಂಡೆವು. ಲೆಕ್ಕದ ದೃಷ್ಟಿಯಿಂದ ಅದು ಕಳೆಯಬೇಕಾದ ಅಂಕಿ. ಹಿಂದಿನವರು ತೆಗೆದುಕೊಂಡು ಹೋದದ್ದನ್ನು ನಮ್ಮದು ಅಂತ ಕೂಡಿಸಿಕೊಳ್ಳುವ ಹಾಗಿಲ್ಲ. ಆದರೆ ಆ ದಿನ ನನ್ನ ಮನಸ್ಸಿನಲ್ಲಿ ಓಡುತ್ತಿದ್ದದ್ದು ಬೇರೆ. ಇಲ್ಲಿಯವರೆಗೆ ಎಳೆಯನ್ನು ಬಿಡದೆ ಹಿಂಬಾಲಿಸಿದ್ದಾರೆ. ನಾವು ಮೇಲಿನಿಂದ ಲೆಕ್ಕ ಹಾಕಿ ಓರೆಯಾಗಿ ಕೊರೆದರೆ, ಅವರು ಎದುರಿಗೇ ನಿಂತು, ಬಂಡೆಯ ಬಣ್ಣ ನೋಡಿ, ತಿರುವು ಬಂದಲ್ಲಿ ತಿರುಗಿ, ಕವಲು ಬಂದಲ್ಲಿ ಸರಿಯಾದ ಕವಲು ಆರಿಸಿ ಹೋಗಿದ್ದಾರೆ. ಹಳೆಯ ಗಣಿಯ ಆಕಾರವೇ ಚಿನ್ನದ ಆಕಾರ. ಅದನ್ನು ಸರಿಯಾಗಿ ಅಳೆದರೆ ಎಳೆ ಯಾವ ಕಡೆ ಓರೆಯಾಗಿದೆ, ಎಲ್ಲಿ ದಪ್ಪಗಾಗುತ್ತದೆ ಅಂತ ತಿಳಿಯುತ್ತದೆ. ಎಷ್ಟೋ ಕೋಟಿ ಖರ್ಚು ಮಾಡಿ ಕೊರೆದು ತಿಳಿಯಬೇಕಾದದ್ದನ್ನು ಅವರು ಬಂಡೆಯಲ್ಲೇ ಕೆತ್ತಿಟ್ಟು ಹೋಗಿದ್ದಾರೆ.

ಅಂಕಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು, ಯಾಕಂದರೆ ಶೆಟ್ಟರಂಥವರು ಮೋಸ ಹೋಗುವುದು ಇಲ್ಲೇ. ಟನ್ ಕಲ್ಲಿಗೆ 3 ಗ್ರಾಂ ಚಿನ್ನ ಅಂದರೆ ಪರವಾಗಿಲ್ಲದ ಗಣಿ. ಒಂದು ತುಣುಕನ್ನೂ ಬಿಡದೆ ತೆಗೆದರೂ 30 ಗ್ರಾಂನ ಒಂದು ಸರಕ್ಕೆ 10 ಟನ್ ಕಲ್ಲು ಬೇಕು. ಆ 3 ಗ್ರಾಂ ಕಲ್ಲಿನ ತುಂಬಾ ಸಮನಾಗಿ ಹರಡಿಕೊಂಡಿರುವುದೂ ಇಲ್ಲ. ಕೇಸರಿಬಾತಿನಲ್ಲಿ ದ್ರಾಕ್ಷಿ ಇದ್ದ ಹಾಗೆ. ಒಂದು ಚಮಚದಲ್ಲಿ ನಾಲ್ಕು ಬರಬಹುದು, ಪಕ್ಕದ ಚಮಚದಲ್ಲಿ ಒಂದೂ ಇಲ್ಲದಿರಬಹುದು. ನಾಲ್ಕು ಬಂದ ಚಮಚವನ್ನೇ ತೋರಿಸಿ ಇಡೀ ಪಾತ್ರೆ ಹೀಗೇ ಇದೆ ಅಂದರೆ ಒಪ್ಪಬಾರದು. ಅದಕ್ಕೇ ಕೋರ್ ಅನ್ನು ಉದ್ದಕ್ಕೆ ಸೀಳಿ ಅರ್ಧ ಮಾತ್ರ ಲ್ಯಾಬ್‌ಗೆ ಕಳಿಸುತ್ತೇವೆ, ಇನ್ನರ್ಧ ಬಾಕ್ಸ್‌ನಲ್ಲೇ ಉಳಿಯುತ್ತದೆ. ಯಾರಿಗೆ ಅನುಮಾನ ಬಂದರೂ ಬಂದು ನೋಡಬಹುದು. ಲ್ಯಾಬ್‌ಗೆ ಹೋಗುವ ಚೀಲಗಳ ನಡುವೆ ಚಿನ್ನವೇ ಇಲ್ಲದ ಕಲ್ಲನ್ನೂ, ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಪುಡಿಯನ್ನೂ ಸೇರಿಸುತ್ತೇವೆ. ಲ್ಯಾಬ್‌ನವರಿಗೆ ಯಾವುದು ಯಾವುದು ಅಂತ ಹೇಳುವುದಿಲ್ಲ. 1997ರಲ್ಲಿ ಬ್ರೆ-ಎಕ್ಸ್ ಅನ್ನುವ ಕೆನಡಾ ಕಂಪನಿ ಇಂಡೋನೇಷ್ಯಾದ ಬುಸಾಂಗ್‌ನಲ್ಲಿ ಭಾರಿ ಚಿನ್ನ ಸಿಕ್ಕಿದೆ ಅಂದದ್ದು ಸುಳ್ಳು ಅಂತ ಹೊರಬಿತ್ತು. ಪರೀಕ್ಷೆಯ ಪುಡಿಗೆ ಹೊರಗಿನಿಂದ ಚಿನ್ನ ಬೆರೆಸಿದ್ದರು. ಅಲ್ಲಿ ಅರ್ಧ ಕೋರ್ ಉಳಿಸುತ್ತಲೇ ಇರಲಿಲ್ಲ. ಎಷ್ಟೋ ಸಾಮಾನ್ಯ ಜನರ ಉಳಿತಾಯ ಅದರಲ್ಲಿ ಹೋಯಿತು.

ಇಂಗ್ಲಿಷರ ಕಾಲದ ಕಾಗದಗಳಿದ್ದರೆ ಇನ್ನೊಂದು ತೊಡಕು. ಅವರ ನಕ್ಷೆಯಲ್ಲಿ ಆಳ ಅಡಿಯಲ್ಲಿರುತ್ತದೆ. ಉತ್ತರ ದಿಕ್ಕು ಅವರದೇ ಗಣಿಯ ಉತ್ತರ, ಇಂದಿನ ಜಿಪಿಎಸ್‌ಗೆ ಹೊಂದುವುದಿಲ್ಲ. ಚಿನ್ನದ ಪ್ರಮಾಣ ಪೆನ್ನಿವೇಟ್ ಲೆಕ್ಕದಲ್ಲಿರುತ್ತದೆ. ಒಂದು ಪೆನ್ನಿವೇಟ್ ಅಂದರೆ 1.555 ಗ್ರಾಂ. ಅವರ ಟನ್ನೂ ನಮ್ಮ 1,000 ಕಿಲೋ ಅಲ್ಲ, 1,016 ಕಿಲೋ. ಅಷ್ಟಾದರೂ ಆ ನಕ್ಷೆಗಳು ಅಂದರೆ ನನಗೆ ಪ್ರಾಣ. ಬಟ್ಟೆಯ ಮೇಲೆ ಅಂಟಿಸಿದ ಹಾಳೆ, ಕೈಯಲ್ಲಿ ತುಂಬಿದ ಬಣ್ಣ, ಪ್ರತಿ ಕೆಲವು ಅಡಿಗೆ ಒಂದು ಅಂಕಿ. ಯಾರೋ ಕತ್ತಲೆಯಲ್ಲಿ ದೀಪ ಹಿಡಿದು ಅಳೆದು ಬಂದು ರಾತ್ರಿ ಕೂತು ಬರೆದದ್ದು.

ಹಟ್ಟಿಯ ಕಥೆಯಲ್ಲಿ ನಿಲ್ಲಿಸುವುದು, ಮತ್ತೆ ಶುರು ಮಾಡುವುದು ಹಲವು ಸಲ ನಡೆದಿದೆ. 2,000 ವರ್ಷದ ಹಿಂದಿನವರು ಬಿಟ್ಟು ಹೋದರು. ನಿಜಾಮರ ಕಾಲದಲ್ಲಿ ಹೈದರಾಬಾದ್ ಡೆಕ್ಕನ್ ಕಂಪನಿ ಬಂತು, 1920ರಲ್ಲಿ ಮುಚ್ಚಿತು. 1937ರ ಸುಮಾರಿಗೆ ಮತ್ತೆ ಹುಡುಕಾಟ ಶುರುವಾಯಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಅಂತ ಕಂಪನಿಯಾಯಿತು. ಅದೇ ಈಗಿನ ಹಟ್ಟಿ ಚಿನ್ನದ ಗಣಿ ಕಂಪನಿ, ಕರ್ನಾಟಕ ಸರ್ಕಾರದ್ದು. ಇವತ್ತಿಗೂ ನಡೆಯುತ್ತಿದೆ. ದೇಶ ಪ್ರತಿ ವರ್ಷ ನೂರಾರು ಟನ್ ಚಿನ್ನವನ್ನು ಹೊರಗಿನಿಂದ ತರಿಸುತ್ತದೆ. ನಮ್ಮ ನೆಲದಿಂದ ಗಣಿ ತೋಡಿ ತೆಗೆಯುವುದು ಒಂದೆರಡು ಟನ್ ಮಾತ್ರ. ಅದರಲ್ಲಿ ಹೆಚ್ಚಿನದು ನಮ್ಮ ಹಟ್ಟಿಯದು. ಜವೇರಿ ಬಜಾರಿನ ಗಲ್ಲಿಗಳಲ್ಲಿ ನಡೆಯುವಾಗ ನನಗೆ ಇದು ನೆನಪಾಗುತ್ತದೆ. ಅಲ್ಲಿ ಘಮೇಲಾವಾಲಾಗಳು ಅಂತ ಇದ್ದಾರೆ. ಅಕ್ಕಸಾಲಿಗರ ಅಂಗಡಿ ಮುಂದಿನ ಧೂಳು, ಚರಂಡಿಯ ಕೆಸರು ಗುಡಿಸಿ, ಬಾಣಲಿಯಲ್ಲಿ ತೊಳೆದು ಚಿನ್ನದ ಕಣ ತೆಗೆಯುತ್ತಾರೆ. ಅವರ ಮಣಿಕಟ್ಟು ತಿರುಗುವ ರೀತಿ ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಅದೇ ಕೆಲಸವನ್ನು ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮಾಡುತ್ತಿದ್ದರು. ಡೋಣಿ, ಸೊರಟೂರು ಹಳ್ಳಗಳ ಮರಳನ್ನು ಮಳೆ ಬಂದ ಮೇಲೆ ಮರದ ತೊಟ್ಟಿಯಲ್ಲಿ ತೊಳೆಯುತ್ತಿದ್ದರು. ಆಗ ಗದಗ ಇದ್ದದ್ದು ಬಾಂಬೆ ಪ್ರೆಸಿಡೆನ್ಸಿಯ ಧಾರವಾಡ ಜಿಲ್ಲೆಯಲ್ಲಿ. ಹಾಗಾಗಿ 1884ರ ಧಾರವಾಡ ಗೆಜೆಟಿಯರ್‌ನಂಥ ಸಂಪುಟಗಳನ್ನು ಓದಲು ನಾನು ಊರಿಗೆ ಹೋಗಬೇಕಿಲ್ಲ, ಫೋರ್ಟ್‌ನ ಏಷ್ಯಾಟಿಕ್ ಸೊಸೈಟಿ ಲೈಬ್ರರಿಗೆ ಹೋದರೆ ಸಾಕು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲೇ ಆ ಗುಡ್ಡಗಳ ಚಿನ್ನದ ಬಗ್ಗೆ ಬರೆದಿದ್ದಾರೆ. ಅವರಿಗೆ ದಾರಿ ತೋರಿಸಿದ್ದೂ ಈ ಜಾಲಗಾರರ ಅನುಭವವೇ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಲ್ಲಿ ಕಂಪನಿಗಳು ಬಂದವು, ಹೆಚ್ಚು ಕಾಲ ಉಳಿಯಲಿಲ್ಲ. ಈ ಕಾಲದಲ್ಲಿ ಮತ್ತೆ ಗಣಿಗಾರಿಕೆಯ ಮಾತು ಬಂದಾಗ ಜನ ಎದ್ದು ನಿಂತರು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಆ ಹೋರಾಟದ ಮುಂದೆ ಇದ್ದರು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವಾಯಿತು. ಚಿನ್ನ ಹುಡುಕುವುದೇ ಕೆಲಸವಾದ ನಾನು ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ: ಅದು ಸರಿಯಾದ ತೀರ್ಮಾನ. ಔಷಧಿ ಗಿಡಗಳ ಆ ಗುಡ್ಡ, ಅಲ್ಲಿನ ಗಾಳಿ, ಅಲ್ಲಿಂದ ಹುಟ್ಟುವ ಹಳ್ಳ ಇವುಗಳ ಬೆಲೆಯನ್ನು ಟನ್‌ಗೆ ಎಷ್ಟು ಗ್ರಾಂ ಅನ್ನುವ ಲೆಕ್ಕದಲ್ಲಿ ಹಿಡಿಯಲು ಬರುವುದಿಲ್ಲ. ಜನ ಬೇಡ ಅಂದದ್ದಕ್ಕೆ ನಿಂತದ್ದೂ ನಿಲ್ಲಿಸುವುದರ ಒಂದು ಕಾರಣ. ಮುಂದಿನವರ ದಾಖಲೆಯಲ್ಲಿ ಅದು ಇರಬೇಕು.

ಕೆಜಿಎಫ್ ನಿಂತದ್ದು ಮತ್ತೆ ಬೇರೆ ರೀತಿ. ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಹೋಗಿತ್ತು. ಅಲ್ಲಿ ಬಂಡೆಯೇ 60 ಡಿಗ್ರಿಗೂ ಜಾಸ್ತಿ ಕಾದಿರುತ್ತಿತ್ತು. ಒತ್ತಡ ತಡೆಯದೆ ಬಂಡೆ ಸಿಡಿದು ಪ್ರಾಣ ಹೋಗುತ್ತಿತ್ತು. ಟನ್ ಕಲ್ಲಿಗೆ ಸಿಗುವ ಚಿನ್ನ ಕಡಿಮೆಯಾಯಿತು, ಖರ್ಚು ಏರಿತು. 2001ರ ಫೆಬ್ರವರಿ 28ಕ್ಕೆ ಮುಚ್ಚಿದರು. ಚಿನ್ನ ಪೂರ್ತಿ ಮುಗಿದಿತ್ತಾ ಅಂದರೆ ಇಲ್ಲ. ಅಲ್ಲಿಂದ ತೆಗೆಯುವ ಒಂದೊಂದು ಗ್ರಾಂಗೂ ಮಾರುವ ಬೆಲೆಗಿಂತ ಹೆಚ್ಚು ಖರ್ಚಾಗುತ್ತಿತ್ತು. ಆ ಡ್ರಿಲ್ಲರ್ ಅಂಥವರು ಸಾವಿರಾರು ಜನ ಒಂದೇ ಸಲ ಕೆಲಸ ಕಳೆದುಕೊಂಡರು. ಕೆಲವರು ಯಂತ್ರ ಹಿಡಿದು ದೇಶ ತಿರುಗಿದರು. ಹಲವರು ಇವತ್ತಿಗೂ ದಿನಾ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಮುಂದೊಂದು ದಿನ ಯಾರೋ ಬಂದು ಇಷ್ಟು ಆಳಕ್ಕೆ ಇಳಿದವರು ಅಲ್ಲೇ ಯಾಕೆ ನಿಲ್ಲಿಸಿದರು ಅಂತ ಕೇಳಿದರೆ ಉತ್ತರ ಕಾಗದದ ಮೇಲೆ ಇದೆ. ಹಟ್ಟಿಯ ಆ ಹಳೆಯ ಜನರಿಗೆ ಅದೂ ಇಲ್ಲ.

ಅವರ ಹೆಸರು ಒಂದೂ ಉಳಿದಿಲ್ಲ ಅನ್ನುವುದು ನನಗೆ ನಿಜವಾಗಿಯೂ ನೋವಿನ ವಿಷಯ. ಹಟ್ಟಿಯ ಚಿನ್ನದ ಬಂಡೆಗಳು ಹರಡಿರುವ ಪಟ್ಟೆಯ ಇನ್ನೊಂದು ತುದಿಯಲ್ಲಿ ಮಸ್ಕಿ ಇದೆ. 1915ರಲ್ಲಿ ಸಿ. ಬೀಡನ್ ಎಂಬ ಇಂಜಿನಿಯರ್ ಚಿನ್ನ ಹುಡುಕುತ್ತಾ ಅಲ್ಲಿನ ಗುಡ್ಡ ಹತ್ತಿದರು. ಅವರಿಗೆ ಕಂಡದ್ದು ಬಂಡೆಯ ಮೇಲಿನ ಬರಹ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ರಾಜನ ಹೆಸರು ದೇವಾನಾಂಪ್ರಿಯ, ಪ್ರಿಯದರ್ಶಿ ಅಂತಷ್ಟೇ ಇತ್ತು. ಮಸ್ಕಿಯ ಬಂಡೆ ಅಶೋಕ ಅಂತ ಹೆಸರಿಟ್ಟು ಹೇಳಿತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ ಸುವರ್ಣಗಿರಿಯಿಂದ ಆಜ್ಞೆ ಹೋದ ಮಾತಿದೆ. ಆ ಸುವರ್ಣಗಿರಿ ಮಸ್ಕಿ ಹತ್ತಿರದ ಕನಕಗಿರಿ ಅನ್ನುವವರಿದ್ದಾರೆ, ಆಂಧ್ರದ ಜೊನ್ನಗಿರಿ ಅನ್ನುವವರೂ ಇದ್ದಾರೆ. ಎರಡೂ ಚಿನ್ನದ ಸೀಮೆಯ ಊರುಗಳೇ. ರಾಜನ ಹೆಸರು ಹೀಗೆ ಸಿಕ್ಕಿತು. ಬಂಡೆಯೊಳಗೆ ಇಳಿದವರ ಹೆಸರು ಸಿಗಲಿಲ್ಲ. ಅವರಿಂದ ಉಳಿದಿರುವುದು ಬಂಡೆಯಲ್ಲಿ ಸವೆದ ಒರಳು ಗುಂಡಿಗಳು, ಕುಟ್ಟುವ ಕಲ್ಲು, ಬೀಸುವ ಕಲ್ಲು, ಇದ್ದಿಲು, ಆ ಆಸರೆ ಮರ. ಒರಳು ಗುಂಡಿಯೊಳಗೆ ಕೈ ಇಟ್ಟರೆ ಎಷ್ಟು ನುಣುಪು ಅಂತೀರಿ! ಎಷ್ಟು ವರ್ಷ, ಎಷ್ಟು ಕೈ ಕುಟ್ಟಿದ್ದರೆ ಕಲ್ಲು ಹಾಗೆ ಆಗಬೇಕು?

ನನ್ನ ಒತ್ತಾಯ ಇಷ್ಟು. 2015ರಿಂದ ಗಣಿ ಜಾಗಗಳು ಹರಾಜಿನಲ್ಲಿ ಹೋಗುತ್ತಿವೆ. 2023ರ ತಿದ್ದುಪಡಿಯಲ್ಲಿ ಚಿನ್ನವೂ ಸೇರಿ 29 ಖನಿಜಗಳ ಹುಡುಕಾಟಕ್ಕೆ ಬೇರೆಯೇ ಲೈಸೆನ್ಸ್ ಬಂದಿದೆ. ಹೊಸ ಹೊಸ ಕಂಪನಿಗಳು ಹೊಸ ಯಂತ್ರ ತರುತ್ತವೆ, ಬರಲಿ. ಆದರೆ ನನ್ನ ಕೈಗೆ ಬರುವ ವರದಿಗಳಲ್ಲಿ ಹಳೆಯ ಗಣಿಗೆ ಸಿಗುವುದು ಬಹುತೇಕ ಒಂದೇ ಸಾಲು: ಬ್ಲಾಕ್‌ನಲ್ಲಿ ಓಲ್ಡ್ ವರ್ಕಿಂಗ್ ಇವೆ. ಎಷ್ಟು ಉದ್ದ, ಎಷ್ಟು ಆಳ, ಯಾವ ಕಡೆ ಓರೆ, ಪಕ್ಕದ ದಿಬ್ಬದ ಕಲ್ಲಿನಲ್ಲಿ ಎಷ್ಟು ಚಿನ್ನ ಉಳಿದಿದೆ, ಏನೂ ಇರುವುದಿಲ್ಲ. ಆಮೇಲೆ ಬುಲ್ಡೋಜರ್ ಬಂದು ಡ್ರಿಲ್ ಯಂತ್ರಕ್ಕೆ ಜಾಗ ಸಮ ಮಾಡುತ್ತದೆ. ಒರಳು ಗುಂಡಿಯ ಬಂಡೆ ಪಕ್ಕಕ್ಕೆ ಉರುಳುತ್ತದೆ. ಇದ್ದಿಲು ಮಣ್ಣಿನಲ್ಲಿ ಸೇರುತ್ತದೆ. ಇದರಲ್ಲಿ ಇತಿಹಾಸಕ್ಕೂ ನಷ್ಟ, ಕಂಪನಿಗೂ ನಷ್ಟ. ಮೊದಲು ಒಂದು ವಾರ ಕೂತು ಅಳೆಯಲಿ, ಫೋಟೊ ತೆಗೆಯಲಿ, ಇದ್ದಿಲಿನ ಚೂರುಗಳನ್ನು ಎತ್ತಿಡಲಿ, ಪುರಾತತ್ವದವರಿಗೆ ತಿಳಿಸಲಿ. ಬಾಯಿ ತೆರೆದ ಗುಂಡಿಗಳಿಗೆ ಬೇಲಿ ಹಾಕಲಿ, ಕುರಿ ಕಾಯುವ ಮಕ್ಕಳು ಓಡಾಡುವ ಜಾಗ ಅದು.

ಶೆಟ್ಟರಿಗೆ ಕೊನೆಗೆ ಹೇಳಿದ್ದು: ಶೇರು ತೆಗೆದುಕೊಳ್ಳಿ, ಬೇಡ ಅಂತ ನಾನು ಹೇಳುವುದಿಲ್ಲ, ಅದು ನನ್ನ ಕೆಲಸ ಅಲ್ಲ. ಆದರೆ ಹಳೇ ಗಣಿ ಉಂಟು ಅನ್ನುವವರನ್ನು ಹೀಗೆ ಕೇಳಿ. ಹಿಂದಿನವರು ಯಾವ ಆಳದಲ್ಲಿ ನಿಲ್ಲಿಸಿದ್ದಾರೆ, ಅದರ ಕೆಳಗೆ ಎಷ್ಟು ಕಡೆ ಕೊರೆದಿದ್ದೀರಿ, ಟೊಳ್ಳನ್ನು ಲೆಕ್ಕದಿಂದ ಕಳೆದಿದ್ದೀರಾ, ಅರ್ಧ ಕೋರ್ ಎಲ್ಲಿಟ್ಟಿದ್ದೀರಿ. ಅವರು ಬಿಲ್ಲಿನ ಹಿಂದೆ ನಾಲ್ಕೂ ಬರೆದುಕೊಂಡರು.

ನಮ್ಮ ಆಫೀಸಿನಲ್ಲಿ ಫೀಲ್ಡ್‌ಗೆ ಹೋಗುವ ಹುಡುಗ ಹುಡುಗಿಯರಿಗೆ ಕೊಡುವ ಫಾರಂನಲ್ಲಿ ಈಗ ಎರಡು ಕಾಲಂ ಸೇರಿಸಿದ್ದೇವೆ. ಹಳೆಯ ಗಣಿ ಎಲ್ಲಿ ನಿಂತಿದೆ ಅನ್ನುವುದು ಒಂದು, ಯಾಕೆ ನಿಂತಿದೆ ಅನ್ನುವುದು ಇನ್ನೊಂದು. ಎರಡನೆಯದು ಹಲವು ಸಲ ಖಾಲಿಯೇ ವಾಪಸ್ ಬರುತ್ತದೆ. ಖಾಲಿ ಬಂದರೂ ಸರಿ, ಊಹೆ ಬರೆಯಬೇಡಿ, ಕಾಲಂ ಮಾತ್ರ ಅಳಿಸಬೇಡಿ ಅಂತ ಅವರಿಗೆ ಹೇಳಿದ್ದೇನೆ.